ಒಂದೇ ನೊಗದ ಎರಡು ಸುಂಕಗಳು

1951ರ ನವೆಂಬರ್ 1ರಂದು ಅಮೆರಿಕದಲ್ಲಿ ಇಪ್ಪತ್ತು ಸಿಗರೇಟಿನ ಪ್ಯಾಕಿನ ಮೇಲಿನ ಕೇಂದ್ರ ಸುಂಕ 7 ಸೆಂಟಿನಿಂದ 8 ಸೆಂಟಿಗೆ ಏರಿತು. ಅದೇ ದಿನ ಬಿಯರಿನ ಸುಂಕ ಪೀಪಾಯಿಗೆ 8 ಡಾಲರಿನಿಂದ 9 ಡಾಲರಿಗೆ ಹೋಯಿತು. ವಿಸ್ಕಿ, ರಮ್ಮಿನಂಥ ಭಟ್ಟಿ ಮದ್ಯದ ಸುಂಕ ಗ್ಯಾಲನ್ನಿಗೆ 9 ಡಾಲರಿನಿಂದ 10.50 ಡಾಲರಾಯಿತು. ಕೊರಿಯಾ ಯುದ್ಧಕ್ಕೆ ದುಡ್ಡು ಬೇಕಿತ್ತು. ಒಂದೇ ಕಾಯಿದೆ ಒಂದೇ ತಾರೀಖಿನಲ್ಲಿ ಎರಡೂ ಚಟಗಳ ಮೇಲೆ ಹೊರೆ ಹಾಕಿತು. ನಾಲ್ಕು ದಶಕದ ನಂತರ, 1991ರ ಜನವರಿ 1ರಂದು, ಮತ್ತೆ ಹಾಗೆಯೇ ಆಯಿತು: ಸಿಗರೇಟು 16ರಿಂದ 20 ಸೆಂಟಿಗೆ, ಬಿಯರು 9ರಿಂದ 18 ಡಾಲರಿಗೆ, ಭಟ್ಟಿ ಮದ್ಯ 12.50ರಿಂದ 13.50 ಡಾಲರಿಗೆ. ಇವು ಯಾರೂ ನೆನಪಿಟ್ಟುಕೊಳ್ಳುವ ತಾರೀಖುಗಳಲ್ಲ. ಆದರೆ ಸಿಗರೇಟಿನ ಬೆಲೆ ಏರಿದರೆ ಕುಡಿತ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬ ಪ್ರಶ್ನೆಯ ಮುಂದೆ ಅರ್ಥಶಾಸ್ತ್ರಜ್ಞರು ದಶಕಗಟ್ಟಲೆ ತಡವರಿಸಿದ್ದೇಕೆ ಎಂಬುದಕ್ಕೆ ಉತ್ತರ ಈ ತಾರೀಖುಗಳಲ್ಲಿದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು ಗಾಡಿ ಎಳೆಯುವಾಗ, ಯಾವ ಎತ್ತು ಎಷ್ಟು ಎಳೆಯಿತು ಎಂದು ಗಾಡಿಯನ್ನು ನೋಡಿ ಹೇಳಲಾಗದು. ಅಮೆರಿಕದ ಖಜಾನೆ ತಂಬಾಕು ಮತ್ತು ಮದ್ಯವನ್ನು ಹಾಗೆ ಜೋಡಿಸಿ ಕಟ್ಟಿತ್ತು. ಆ ನೊಗ ಕಳಚಿದ್ದು 1990ರ ದಶಕದ ಕೊನೆಗೆ. ಕಳಚಿದ ಮೇಲೆ ಸಿಕ್ಕ ಲೆಕ್ಕವನ್ನು ನೋಡಿದರೆ, ಸಿಗರೇಟು ದುಬಾರಿಯಾದರೆ ಜನ ಹೆಂಡದಂಗಡಿಗೆ ನುಗ್ಗುತ್ತಾರೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ ಎಂಬುದು ನನ್ನ ವಾದ.

ಪ್ರಶ್ನೆಯನ್ನು ಮೊದಲು ಬಿಡಿಸಿಡಬೇಕು. ವೀಳ್ಯದೆಲೆಯ ಬೆಲೆ ಏರಿದರೆ ಅಡಿಕೆಯ ಖರ್ಚೂ ಇಳಿಯುತ್ತದೆ, ಏಕೆಂದರೆ ಒಂದಿಲ್ಲದೆ ಇನ್ನೊಂದಕ್ಕೆ ರುಚಿಯಿಲ್ಲ. ಇಂಥವು ಪೂರಕ ಸರಕುಗಳು. ಕಾಫಿಪುಡಿ ದುಬಾರಿಯಾದರೆ ಕೆಲವು ಮನೆಗಳು ಟೀಗೆ ಹೊರಳುತ್ತವೆ. ಇವು ಬದಲಿ ಸರಕುಗಳು. ಸಿಗರೇಟು ಮತ್ತು ಮದ್ಯ ಎಲೆ–ಅಡಿಕೆಯ ಹಾಗೋ, ಕಾಫಿ–ಟೀಯ ಹಾಗೋ? ಕುಡಿಯುವವರಲ್ಲಿ ಸೇದುವವರು ಹೆಚ್ಚು, ಸೇದುವವರಲ್ಲಿ ಕುಡಿಯುವವರು ಹೆಚ್ಚು ಎಂಬುದು ಎಲ್ಲ ಸಮೀಕ್ಷೆಗಳಲ್ಲೂ ಕಾಣುವ ಸಂಗತಿ. ಆದರೆ ಅಷ್ಟರಿಂದಲೇ ಅವು ಪೂರಕ ಎಂದು ತೀರ್ಮಾನಿಸಲಾಗದು. ಒಂದೇ ಸ್ವಭಾವದ, ಒಂದೇ ವಯಸ್ಸಿನ, ಒಂದೇ ಬಗೆಯ ದಣಿವಿನ ಮನುಷ್ಯ ಎರಡನ್ನೂ ಹಿಡಿದಿರಬಹುದು. ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಗಟ್ಟಿಯಾಗಿ ಹಿಡಿಯಲೂಬಹುದು. ಹಾಗಾಗಿ ಒಂದರ ಬೆಲೆ ಮಾತ್ರ ಬದಲಾಗಿ, ಇನ್ನೊಂದರದು ಇದ್ದಲ್ಲೇ ಇದ್ದಾಗ ಏನಾಯಿತು ಎಂದು ನೋಡಬೇಕು. ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರಕ್ಕೆ, ಎಕನಾಮೆಟ್ರಿಕ್ಸ್‌ಗೆ, ಇಲ್ಲಿ ಕೆಲಸ. ಅದು ಬೇಡುವುದು ಇಷ್ಟನ್ನೇ: ಎರಡು ಬೆಲೆಗಳೂ ಬೇರೆ ಬೇರೆಯಾಗಿ ಏರಿಳಿದಿರಬೇಕು. ಅಮೆರಿಕದ ಇತಿಹಾಸ ಬಹುಕಾಲ ಆ ಅನುಕೂಲವನ್ನು ಕೊಡಲೇ ಇಲ್ಲ.

ನೊಗ ಹೂಡಿದ್ದು 1862ರಲ್ಲಿ. ಅಂತರ್ಯುದ್ಧದ ಖರ್ಚು ತಡೆಯಲಾರದೆ ಲಿಂಕನ್ ಸರ್ಕಾರ ಆ ವರ್ಷದ ಜುಲೈ 1ರಂದು ದೊಡ್ಡದೊಂದು ಕಂದಾಯ ಕಾಯಿದೆ ತಂದಿತು. ಭಟ್ಟಿ ಮದ್ಯಕ್ಕೆ ಗ್ಯಾಲನ್ನಿಗೆ 20 ಸೆಂಟು, ಬಿಯರಿಗೆ ಪೀಪಾಯಿಗೆ 1 ಡಾಲರು, ಜತೆಗೆ ತಂಬಾಕಿನ ಮೇಲೂ ಸುಂಕ. ಸಿಗರೇಟು ಎಂಬ ಹೆಸರು ಸುಂಕದ ಪಟ್ಟಿಗೆ ಬಂದದ್ದು 1864ರಲ್ಲಿ. ಆಗಿನ್ನೂ ಅದು ಕೈಯಲ್ಲಿ ಸುತ್ತುವ, ನಗರದ ಕೆಲವರಷ್ಟೇ ಸೇದುವ ವಸ್ತು. ಯುದ್ಧ ಮುಗಿಯುವಷ್ಟರಲ್ಲಿ ಮದ್ಯದ ಸುಂಕ ಗ್ಯಾಲನ್ನಿಗೆ 2 ಡಾಲರು ಮುಟ್ಟಿತ್ತು. ಕಳ್ಳಭಟ್ಟಿ ವಿಪರೀತವಾಗಿ 1868ರಲ್ಲಿ ಅದನ್ನು 50 ಸೆಂಟಿಗೆ ಇಳಿಸಬೇಕಾಯಿತು. ಯುದ್ಧಕಾಲದ ಉಳಿದ ತೆರಿಗೆಗಳೆಲ್ಲ ಒಂದೊಂದಾಗಿ ಹೋದವು, ಇವೆರಡು ಉಳಿದವು. 1868ರಿಂದ 1913ರಲ್ಲಿ ಆದಾಯ ತೆರಿಗೆ ಬರುವವರೆಗೆ ಅಮೆರಿಕದ ಆಂತರಿಕ ಕಂದಾಯದಲ್ಲಿ ಶೇ. 90ರ ಹತ್ತಿರ ಬಂದದ್ದು ಮದ್ಯ ಮತ್ತು ತಂಬಾಕಿನಿಂದ. ಸರ್ಕಾರದ ಕಣ್ಣಿನಲ್ಲಿ ಅವು ಎರಡು ಬೇರೆ ವಸ್ತುಗಳಾಗಿರಲಿಲ್ಲ, ಒಂದೇ ಹುಂಡಿಯ ಎರಡು ಬಾಯಿಗಳಾಗಿದ್ದವು. ದುಡ್ಡು ಬೇಕಾದಾಗ ಎರಡಕ್ಕೂ ಒಟ್ಟಿಗೆ ಕೈಹಾಕುವುದು, ಬೇಡವಾದಾಗ ಎರಡನ್ನೂ ಒಟ್ಟಿಗೆ ಮರೆಯುವುದು ಆಗ ಬಿದ್ದ ರೂಢಿ.

ಸರ್ಕಾರಕ್ಕೆ ಮಾತ್ರವಲ್ಲ, ಸುಧಾರಕರಿಗೂ ಇವು ಅವಳಿಗಳೇ. ಪಾನನಿರೋಧ ಚಳವಳಿಯಿಂದ ಬಂದ ಲೂಸಿ ಪೇಜ್ ಗ್ಯಾಸ್ಟನ್ 1899ರಲ್ಲಿ ಷಿಕಾಗೋದಲ್ಲಿ ಸಿಗರೇಟು ವಿರೋಧಿ ಸಂಘ ಕಟ್ಟಿದರು. ಹುಡುಗ ಸಿಗರೇಟು ಹಿಡಿದರೆ ಮುಂದೆ ಗ್ಲಾಸು ಹಿಡಿಯುತ್ತಾನೆ ಎಂಬುದು ಆ ಕಾಲದ ನಂಬಿಕೆ. ಹಲವು ರಾಜ್ಯಗಳು ಸಿಗರೇಟು ಮಾರಾಟವನ್ನೇ ನಿಷೇಧಿಸಿದವು. ಕೊನೆಯದಾಗಿ ಕ್ಯಾನ್ಸಸ್ 1927ರಲ್ಲಿ ಆ ನಿಷೇಧ ತೆಗೆಯಿತು. ನಿಷೇಧ ಬಿಟ್ಟ ಅಯೋವಾ 1921ರಲ್ಲಿ ಸಿಗರೇಟಿನ ಮೇಲೆ ಸುಂಕ ಹಾಕಿದ ಮೊದಲ ರಾಜ್ಯವಾಯಿತು. ಅಷ್ಟರಲ್ಲಿ ಇಡೀ ದೇಶದಲ್ಲಿ ಪಾನನಿಷೇಧ ಜಾರಿಗೆ ಬಂದಿತ್ತು. 1920ರಿಂದ 1933ರವರೆಗಿನ ಆ ಹದಿಮೂರು ವರ್ಷಗಳನ್ನು ಸಾಕ್ಷಿಯಾಗಿ ತರುವವರು ಇದ್ದಾರೆ: ಮದ್ಯ ಸಿಗದಾದಾಗ ಸಿಗರೇಟು ಏರಿತಲ್ಲ, ಅಂದರೆ ಒಂದು ಇನ್ನೊಂದಕ್ಕೆ ಬದಲಿ ಎಂದಾಯಿತಲ್ಲ? ಅಂಕಿ ನಿಜ. ವಯಸ್ಕರೊಬ್ಬರಿಗೆ ವರ್ಷಕ್ಕೆ 1920ರಲ್ಲಿ 665 ಇದ್ದ ಸಿಗರೇಟು 1930ರಲ್ಲಿ 1,485 ಆಯಿತು. ಆದರೆ ಅದರ ಹಿಂದಿನ ದಶಕವನ್ನೂ ನೋಡಬೇಕು. 1910ರಲ್ಲಿ ಅದು 151 ಮಾತ್ರ. ಹೆಂಡದಂಗಡಿಗಳು ಬಹುಪಾಲು ತೆರೆದಿದ್ದ ದಶಕದಲ್ಲಿ ಸಿಗರೇಟು ನಾಲ್ಕು ಪಟ್ಟಿಗಿಂತ ಹೆಚ್ಚು ಬೆಳೆದರೆ, ಬಾಗಿಲು ಮುಚ್ಚಿದ ದಶಕದಲ್ಲಿ ಬೆಳೆದದ್ದು ಎರಡು ಪಟ್ಟಿಗಿಂತ ತುಸು ಹೆಚ್ಚು. ಈ ಏರಿಕೆ ಹುಟ್ಟಿದ್ದು ಬಾನ್ಸ್ಯಾಕ್‌ನ ಸಿಗರೇಟು ಸುತ್ತುವ ಯಂತ್ರದಿಂದ, 1913ರಲ್ಲಿ ಬಂದ ಕ್ಯಾಮಲ್‌ನಂಥ ಅಗ್ಗದ ಬ್ರ್ಯಾಂಡುಗಳಿಂದ, ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಸಿಕ್ಕ ರೇಷನ್ನಿನಿಂದ. ಪಾನನಿಷೇಧ ಸಿಗರೇಟಿಗೆ ಗಿರಾಕಿಗಳನ್ನು ಒದಗಿಸಿತು ಎನ್ನಲು ಈ ಅಂಕಿಗಳಲ್ಲಿ ಏನೂ ಇಲ್ಲ. ಎರಡು ಗೆರೆಗಳು ಒಂದೇ ಕಾಲದಲ್ಲಿ ಚಲಿಸಿದರೆ ಒಂದು ಇನ್ನೊಂದನ್ನು ತಳ್ಳಿತು ಎಂದು ಓದುವ ತಪ್ಪು ಈ ವಿಷಯದ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ.

ಆ ತಪ್ಪನ್ನು ಹಿಡಿಯುವ ಉಪಕರಣ ತಯಾರಾದದ್ದು ಬ್ರಿಟನ್ನಿನಲ್ಲಿ, ಅದೂ ಮದ್ಯದ ಲೆಕ್ಕವನ್ನೇ ಇಟ್ಟುಕೊಂಡು. ಎರಡನೆಯ ಮಹಾಯುದ್ಧದ ಕೊನೆಗೆ ಅರ್ಥಶಾಸ್ತ್ರಜ್ಞ ರಿಚರ್ಡ್ ಸ್ಟೋನ್ ಬಿಯರು, ಭಟ್ಟಿ ಮದ್ಯ, ತಂಬಾಕು ಮೊದಲಾದವುಗಳ ಬೇಡಿಕೆಯನ್ನು ಬೆಲೆ ಮತ್ತು ಆದಾಯದ ಜತೆ ಜೋಡಿಸಿ ಅಳೆದರು. ಎ. ಆರ್. ಪ್ರೆಸ್ಟ್ 1870ರಿಂದ 1938ರವರೆಗೆ ಬ್ರಿಟನ್ನಿನಲ್ಲಿ ತಲಾ ಎಷ್ಟು ಮದ್ಯ ಖರ್ಚಾಯಿತು ಎಂಬ ಅರವತ್ತೊಂಬತ್ತು ವರ್ಷಗಳ ಸರಣಿಯನ್ನು ಕೂಡಿಸಿದರು. 1951ರಲ್ಲಿ ಜೇಮ್ಸ್ ಡರ್ಬಿನ್ ಮತ್ತು ಜೆಫ್ರಿ ವಾಟ್ಸನ್ ತಮ್ಮ ಹೆಸರಿನ ಪರೀಕ್ಷೆಯನ್ನು ಉದಾಹರಿಸಿ ತೋರಿಸಿದ್ದು ಇದೇ ಸರಣಿಯ ಮೇಲೆ. ಪ್ರತಿ ವರ್ಷದ ತಪ್ಪು ಮುಂದಿನ ವರ್ಷಕ್ಕೂ ಹರಿದು ಹೋಗುತ್ತಿದ್ದರೆ, ಕಾಣುವ ಸಂಬಂಧ ಇರುವುದಕ್ಕಿಂತ ಖಚಿತವಾಗಿ ತೋರುತ್ತದೆ ಎಂಬ ಎಚ್ಚರಿಕೆ ಆ ಪರೀಕ್ಷೆಯದು. ಇಂದು ಜಗತ್ತಿನ ಯಾವುದೇ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ತರಗತಿಯಲ್ಲಿ ಈ ಪರೀಕ್ಷೆ ಕಲಿಯುವ ವಿದ್ಯಾರ್ಥಿ, ತಿಳಿದೋ ತಿಳಿಯದೆಯೋ, ವಿಕ್ಟೋರಿಯಾ ರಾಣಿಯ ಕಾಲದ ಕುಡುಕರಿಗೆ ಋಣಿ. ಅದು ಹೊರಬಂದ ವರ್ಷವೇ ಅಮೆರಿಕದ ಮೂರು ಸುಂಕಗಳು ಒಂದೇ ದಿನ ಏರಿದವು. ಅಲ್ಲಿ ಎದುರಾದದ್ದು ಇನ್ನೊಂದು ಬಗೆಯ ತೊಡಕು, ಡರ್ಬಿನ್–ವಾಟ್ಸನ್ ಪರೀಕ್ಷೆಗೆ ಸಿಕ್ಕದಂಥದು.

1951ರ ಏರಿಕೆಯ ನಂತರ ಎರಡು ಸುಂಕಗಳೂ ಒಟ್ಟಿಗೆ ಮಲಗಿದವು. ಸಿಗರೇಟಿನ 8 ಸೆಂಟು 1982ರ ಕೊನೆಯವರೆಗೂ 8 ಸೆಂಟೇ. ಬಿಯರಿನ 9 ಡಾಲರು 1990ರ ಕೊನೆಯವರೆಗೂ 9 ಡಾಲರೇ. ಸುಂಕ ನಿಂತಿತ್ತು, ಹಣದುಬ್ಬರ ನಿಂತಿರಲಿಲ್ಲ. 1982ರ ಹೊತ್ತಿಗೆ ಆ 8 ಸೆಂಟಿಗೆ 1951ರ ಲೆಕ್ಕದಲ್ಲಿ 2 ಸೆಂಟಿಗಿಂತ ತುಸು ಹೆಚ್ಚಿನ ಬೆಲೆ ಮಾತ್ರ ಉಳಿದಿತ್ತು; 1990ಕ್ಕೆ ಬಿಯರಿನ 9 ಡಾಲರು 2 ಡಾಲರಿಗಿಂತ ಕೆಳಗೆ ಸವೆದಿತ್ತು. ಶಾಸನಸಭೆಯಲ್ಲಿ ಯಾರೂ ಕೈ ಎತ್ತದೆ, ಯಾವ ಪತ್ರಿಕೆಯೂ ವರದಿ ಮಾಡದೆ, ಎರಡು ಸರಕುಗಳ ಮೇಲಿನ ಸುಂಕ ವರ್ಷ ವರ್ಷವೂ ಹಗುರವಾಗುತ್ತ ಹೋಯಿತು. ಇಂಥ ಕಾಲದ ರಾಷ್ಟ್ರಮಟ್ಟದ ಅಂಕಿಗಳಿಂದ ಒಂದರ ಬೆಲೆಯ ಪರಿಣಾಮವನ್ನು ಇನ್ನೊಂದರದರಿಂದ ಬೇರ್ಪಡಿಸುವುದು ಆಗದ ಮಾತು. ಉಳಿದ ದಾರಿ ಒಂದೇ, ರಾಜ್ಯಗಳನ್ನು ಹೋಲಿಸುವುದು. 1969ರಲ್ಲಿ ತಂಬಾಕು ಬೆಳೆಯುವ ನಾರ್ತ್ ಕ್ಯಾರೊಲಿನಾ ಕೂಡ 2 ಸೆಂಟು ಹಾಕಿದ ಮೇಲೆ ಐವತ್ತು ರಾಜ್ಯಗಳಲ್ಲೂ ಸಿಗರೇಟು ಸುಂಕ ಇತ್ತು, ಅವು ಬೇರೆ ಬೇರೆ ಕಾಲಕ್ಕೆ ಬದಲಾಗುತ್ತಿದ್ದವು. ಮದ್ಯದ ವಿಷಯದಲ್ಲಿ ಈ ದಾರಿಯನ್ನು ಚೆನ್ನಾಗಿ ಬಳಸಿದವರು ಅರ್ಥಶಾಸ್ತ್ರಜ್ಞ ಫಿಲಿಪ್ ಕುಕ್. ಸುಂಕ ಏರಿಸಿದ ರಾಜ್ಯವನ್ನು ಅದೇ ವರ್ಷ ಏರಿಸದ ರಾಜ್ಯಗಳ ಪಕ್ಕದಲ್ಲಿಟ್ಟು, ಸುಂಕ ಏರಿದಲ್ಲಿ ಕುಡಿತವೂ ಯಕೃತ್ತಿನ ರೋಗದ ಸಾವೂ ಇಳಿದದ್ದನ್ನು 1981ರಲ್ಲಿ ತೋರಿಸಿದರು. ಗಂಟಲಿಗೆ ಇಳಿದ ಚಟಕ್ಕೆ ಬೆಲೆ ತಟ್ಟುವುದಿಲ್ಲ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಸಿಗರೇಟು ಮತ್ತು ಮದ್ಯವನ್ನು ಒಟ್ಟಿಗಿಟ್ಟು ನೋಡಿದ ಕೆಲಸ 1990ರ ದಶಕದಲ್ಲಿ ಬಂತು. 1988ರಲ್ಲಿ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ, ಚಟ ಹಿಡಿದವನೂ ನಾಳೆಯ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ ಎಂಬ ಸಿದ್ಧಾಂತ ಮುಂದಿಟ್ಟಿದ್ದರು; ಅದು ಸರಿಯೋ ತಪ್ಪೋ, ಚಟದ ಸರಕುಗಳ ಬೇಡಿಕೆಯನ್ನು ಅಳೆಯುವ ಹುಮ್ಮಸ್ಸು ಅದರಿಂದ ಹುಟ್ಟಿತು. 1995ರಲ್ಲಿ ಗೋಯಲ್ ಮತ್ತು ಮೋರೆ 1959ರಿಂದ 1982ರವರೆಗಿನ ರಾಜ್ಯವಾರು ಅಂಕಿಗಳನ್ನು ತೆಗೆದುಕೊಂಡು ಸಿಗರೇಟು ಮತ್ತು ಮದ್ಯ ಬದಲಿ ಸರಕುಗಳು ಎಂದರು. 1999ರಲ್ಲಿ ಥಾಮಸ್ ಡೀ ಶಾಲೆಯ ಕೊನೆಯ ವರ್ಷದ ಹುಡುಗ ಹುಡುಗಿಯರ ಸಮೀಕ್ಷೆಗಳನ್ನು ನೋಡಿ ತದ್ವಿರುದ್ಧ ಮಾತು ಹೇಳಿದರು. ಕುಡಿಯಲು ಕಾನೂನು ಒಪ್ಪುವ ವಯಸ್ಸು 18ರಿಂದ ಮೇಲೇರಿದ ರಾಜ್ಯಗಳಲ್ಲಿ ಹದಿಹರೆಯದವರ ಸೇದುವಿಕೆ ಶೇ. 3ರಿಂದ 5ರಷ್ಟು ಇಳಿದಿತ್ತು. ಸಿಗರೇಟು ಸುಂಕ ಹೆಚ್ಚಿದ್ದಲ್ಲಿ ಅವರ ಕುಡಿತವೂ ಕಡಿಮೆಯಿತ್ತು. ಮರುವರ್ಷ ಡೆಕರ್ ಮತ್ತು ಶ್ವಾರ್ಟ್ಸ್ 1985ರಿಂದ 1993ರವರೆಗಿನ ವಯಸ್ಕರ ಆರೋಗ್ಯ ಸಮೀಕ್ಷೆಯನ್ನು ಬಳಸಿ ಮೂರನೆಯ ಉತ್ತರ ಕೊಟ್ಟರು: ಮದ್ಯ ದುಬಾರಿಯಾದರೆ ಕುಡಿತ, ಸೇದುವಿಕೆ ಎರಡೂ ಇಳಿಯುತ್ತವೆ, ಸಿಗರೇಟು ದುಬಾರಿಯಾದರೆ ಸೇದುವಿಕೆ ಇಳಿಯುತ್ತದೆ, ಕುಡಿತ ಏರುತ್ತದೆ. ಐದೇ ವರ್ಷದೊಳಗೆ ಒಂದೇ ದೇಶದಿಂದ ಮೂರು ಉತ್ತರಗಳು.

ಡೆಕರ್ ಮತ್ತು ಶ್ವಾರ್ಟ್ಸ್ ಅವರ ಫಲಿತಾಂಶವೇ ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪ. ಅವರದು ವ್ಯಕ್ತಿಗಳ ಮಟ್ಟದ ಕೆಲಸ, ಎರಡು ಬೆಲೆಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡ ಕೆಲಸ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೂ ಅವರು ಆರಿಸಿಕೊಂಡ ಕಾಲವನ್ನು ನೋಡಿ. ಆ ಒಂಬತ್ತು ವರ್ಷಗಳ ನಡುವೆಯೇ 1991ರ ಜಂಟಿ ಏರಿಕೆ ಬಿದ್ದಿದೆ. ರಾಜ್ಯಗಳ ಸಿಗರೇಟು ಸುಂಕ ಆಗ ಬದಲಾಗುತ್ತಿದ್ದದ್ದು ಕೆಲವೇ ಸೆಂಟುಗಳಲ್ಲಿ; 1988ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 25 ಸೆಂಟಿನ ಏರಿಕೆಯೇ ಆ ಕಾಲಕ್ಕೆ ಬಹುದೊಡ್ಡದು. ಅಳತೆಗೋಲಿನಲ್ಲೂ ಸಮಾನತೆಯಿರಲಿಲ್ಲ. ಸಿಗರೇಟಿನ ರಾಜ್ಯವಾರು ಬೆಲೆ ಮತ್ತು ಸುಂಕದ ಪಟ್ಟಿ ವರ್ಷ ವರ್ಷವೂ ಅಚ್ಚುಕಟ್ಟಾಗಿ ಪ್ರಕಟವಾಗುತ್ತಿತ್ತು. ಮದ್ಯದ ಬೆಲೆಗೆ ಅಂದಿನ ಸಂಶೋಧಕರು ಸಾಮಾನ್ಯವಾಗಿ ನೆಚ್ಚಿಕೊಂಡದ್ದು ಕೆಲವು ನಗರಗಳ ವಾಣಿಜ್ಯ ಮಂಡಳಿಗಳು ಬರೆದು ಕಳಿಸುತ್ತಿದ್ದ ಆರು ಬಿಯರಿನ ಒಂದು ಕಟ್ಟು, ಒಂದು ಬ್ರ್ಯಾಂಡಿನ ಸ್ಕಾಚ್ ಬಾಟಲಿ, ಒಂದು ಬಾಟಲಿ ವೈನಿನ ದರವನ್ನು. ಮಂಡ್ಯದ ಬೆಲ್ಲದ ದರ ನೋಡಿ ಇಡೀ ರಾಜ್ಯದ ಅಡುಗೆಮನೆಯ ಖರ್ಚು ಅಂದಾಜಿಸಿದ ಹಾಗೆ ಅದು. ಒರಟಾಗಿ ಅಳೆದ ಬೆಲೆಯೂ ನಯವಾಗಿ ಅಳೆದ ಬೆಲೆಯೂ ಒಂದೇ ಸಮೀಕರಣದಲ್ಲಿ ಕೂತರೆ, ಒರಟಿನದು ಹೊರಬೇಕಾದ ಭಾರದ ಸ್ವಲ್ಪ ಭಾಗ ನಯವಾದದ್ದರ ಹೆಗಲಿಗೆ ಬೀಳುತ್ತದೆ. ಗೋಯಲ್ ಮತ್ತು ಮೋರೆ ಬಳಸಿದಂಥ ರಾಜ್ಯವಾರು ಅಂಕಿಗಳಿಗೆ ಇನ್ನೊಂದು ಕೊರತೆ. ಮಾರಾಟವಾದದ್ದೆಲ್ಲ ಅಲ್ಲೇ ಖರ್ಚಾದದ್ದಲ್ಲ. ಸುಂಕ ಕಡಿಮೆಯಿರುವ ನ್ಯೂ ಹ್ಯಾಂಪ್‌ಷೈರಿಗೆ ಮ್ಯಾಸಚೂಸೆಟ್ಸಿನವರು ಗಾಡಿ ಓಡಿಸಿ ಹೋಗಿ ಮದ್ಯವನ್ನೂ ಸಿಗರೇಟನ್ನೂ ಡಿಕ್ಕಿಗೆ ತುಂಬಿಕೊಂಡು ಬರುತ್ತಾರೆ. ಅಲ್ಲಿಯ ತಲಾ ಮದ್ಯದ ಅಂಕಿ ಅಷ್ಟು ಎತ್ತರವಿರುವುದು ಅಲ್ಲಿಯ ಜನ ಕುಡಿಯುವುದರಿಂದಷ್ಟೇ ಅಲ್ಲ.

ನೊಗ ಕಳಚಿದ್ದು ಆರ್ಥಿಕ ಯೋಜನೆಯಿಂದಲ್ಲ, ನ್ಯಾಯಾಲಯದ ಮೆಟ್ಟಿಲಿನಿಂದ. ಧೂಮಪಾನದ ರೋಗಿಗಳಿಗೆ ತಾವು ಖರ್ಚು ಮಾಡಿದ ಹಣ ವಾಪಸು ಕೊಡಿ ಎಂದು ರಾಜ್ಯಗಳು ಸಿಗರೇಟು ಕಂಪನಿಗಳ ಮೇಲೆ ಹೂಡಿದ ದಾವೆಗಳು 1998ರ ನವೆಂಬರ್ 23ರಂದು 46 ರಾಜ್ಯಗಳ ಜತೆಗಿನ ಒಪ್ಪಂದದಲ್ಲಿ ಮುಗಿದವು. ಇಪ್ಪತ್ತೈದು ವರ್ಷಗಳಲ್ಲಿ ಸುಮಾರು 206 ಬಿಲಿಯನ್ ಡಾಲರು ಕೊಡಲು ಕಂಪನಿಗಳು ಒಪ್ಪಿದವು. ಅದನ್ನು ತುಂಬಿಕೊಳ್ಳಲು ಪ್ಯಾಕಿನ ಸಗಟು ಬೆಲೆಯನ್ನು ಕೂಡಲೇ 45 ಸೆಂಟು ಏರಿಸಿದವು. ಮದ್ಯಕ್ಕೆ ಈ ಒಪ್ಪಂದದ ಸೋಂಕೂ ಇಲ್ಲ. ಅಲ್ಲಿಂದ ಮುಂದೆ ರಾಜ್ಯಗಳು ಸಿಗರೇಟಿನ ಮೇಲೆ ಸೆಂಟುಗಳನ್ನು ಬಿಟ್ಟು ಡಾಲರಿನ ಲೆಕ್ಕದಲ್ಲಿ ಸುಂಕ ಹಾಕತೊಡಗಿದವು. 2002ರಲ್ಲಿ ನ್ಯೂಯಾರ್ಕ್ ನಗರ ತನ್ನ 8 ಸೆಂಟಿನ ಸುಂಕವನ್ನು 1.50 ಡಾಲರಿಗೆ ಏರಿಸಿತು. ರಾಜ್ಯದ ಇನ್ನೊಂದು 1.50 ಸೇರಿ ಒಂದು ಪ್ಯಾಕಿನ ಮೇಲೆ 3 ಡಾಲರು. ಅದೇ ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ ರಾಜ್ಯ ಸುಂಕ 5 ಸೆಂಟು ಮಾತ್ರ. 2009ರ ಏಪ್ರಿಲಿನಲ್ಲಿ ಕೇಂದ್ರ ಸುಂಕ 39 ಸೆಂಟಿನಿಂದ 1.01 ಡಾಲರಿಗೆ ಹಾರಿತು. ಮದ್ಯದ ಕೇಂದ್ರ ಸುಂಕವೋ 1991ರಲ್ಲಿ ನಿಂತಲ್ಲೇ ನಿಂತಿತ್ತು. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಹೆಗಲಿಗೆ ಹೆಗಲು ಕೊಟ್ಟು ನಡೆದ ಎರಡು ಬೆಲೆಗಳಲ್ಲಿ ಒಂದು ಗುಡ್ಡ ಹತ್ತಿತು, ಇನ್ನೊಂದು ಬಯಲಲ್ಲೇ ಉಳಿಯಿತು. ಸಂಶೋಧಕರಿಗೆ ಬೇಕಾಗಿದ್ದ ಸಂದರ್ಭ ಇದೇ.

ಆ ಸಂದರ್ಭವನ್ನು ಬಳಸಿಕೊಂಡ ಎರಡು ಅಧ್ಯಯನಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಕೆಲ್ಲಿ ಯಂಗ್–ವುಲ್ಫ್ ಮತ್ತು ಸಂಗಡಿಗರು 2001–02ರಲ್ಲಿ ಮಾತನಾಡಿಸಿದ, ಮತ್ತೆ 2004–05ರಲ್ಲಿ ಮಾತನಾಡಿಸಿದ, ಕುಡಿಯುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ತೆಗೆದುಕೊಂಡರು. ಅದೇ ಮನುಷ್ಯ, ಎರಡು ಕಾಲ, ನಡುವೆ ಅವನ ರಾಜ್ಯದಲ್ಲಿ ಸಿಗರೇಟು ಸುಂಕ ಏರಿತೋ ಇಲ್ಲವೋ ಎಂಬುದು ಪ್ರಶ್ನೆ. ಹೀಗೆ ಮಾಡಿದಾಗ ಅವನ ಹುಟ್ಟುಸ್ವಭಾವ, ಮನೆತನ, ಊರಿನ ರೂಢಿ ಎಲ್ಲವೂ ಎರಡು ತಟ್ಟೆಯಲ್ಲೂ ಸಮವಾಗಿ ಕೂತು ಲೆಕ್ಕದಿಂದ ಹೊರಗೆ ಬೀಳುತ್ತವೆ. ಕಂಡದ್ದೇನೆಂದರೆ, ಸುಂಕ ಏರಿದ ರಾಜ್ಯಗಳಲ್ಲಿ ಸೇದುವ ಗಂಡಸರು ಒಮ್ಮೆ ಕೂತಾಗ ಕುಡಿಯುವ ಪ್ರಮಾಣವೂ, ಮಿತಿಮೀರಿ ಕುಡಿಯುವ ಸಲಗಳೂ ಇಳಿದವು. ಹೆಚ್ಚು ಇಳಿದದ್ದು ಯುವಕರಲ್ಲಿ, ಅತಿ ಕಡಿಮೆ ಆದಾಯದವರಲ್ಲಿ, ಅಪಾಯದ ಮಟ್ಟಕ್ಕೆ ಕುಡಿಯುವವರಲ್ಲಿ. ಇನ್ನೊಂದು ಕೆಲಸ 2014ರಲ್ಲಿ ಮೆಲಿಸ್ಸಾ ಕ್ರಾಸ್ ಮತ್ತು ಸಂಗಡಿಗರದು; 1980ರಿಂದ 2009ರವರೆಗಿನ ರಾಜ್ಯವಾರು ಅಂಕಿಗಳು ಅದರಲ್ಲಿವೆ. ಸಿಗರೇಟಿನ ಬೆಲೆ ಶೇ. 1 ಏರಿದರೆ ತಲಾ ಮದ್ಯ ಶೇ. 0.083 ಇಳಿದಿತ್ತು. ಇಳಿಕೆ ಬಿಯರು ಮತ್ತು ಭಟ್ಟಿ ಮದ್ಯದಲ್ಲಿ. ವೈನಿನಲ್ಲಿ ಅದು ಕಾಣಲಿಲ್ಲ. ಈ ಅಂಕಿ ಚಿಕ್ಕದು, ಅದನ್ನು ಮುಚ್ಚಿಡಬಾರದು. ಸಿಗರೇಟು ಶೇ. 10 ದುಬಾರಿಯಾದರೆ ಕುಡಿತ ಶೇ. 1ಕ್ಕಿಂತ ಕಡಿಮೆ ಇಳಿಯುತ್ತದೆ, ಅಷ್ಟೇ. ಸಿಗರೇಟು ಸುಂಕದಿಂದ ಕುಡಿತದ ಸಮಸ್ಯೆ ಬಗೆಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರೂ ತಪ್ಪು ದಾರಿಯಲ್ಲಿದ್ದಾರೆ. ಆದರೆ ಚಿಕ್ಕದಾದರೂ ದಿಕ್ಕು ಇಳಿಕೆಯದು, ಮತ್ತು ಹೆಚ್ಚು ಇಳಿದದ್ದು ಹೆಚ್ಚು ಅಪಾಯದಲ್ಲಿದ್ದವರಲ್ಲಿ.

ಸೇದುವುದು ಬಿಟ್ಟವನ ಜೇಬಿನಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ, ಹೆಂಡದಂಗಡಿಗೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲು ಸಹಜವಾದ ಈ ಮಾತು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬೆಕರ್, ಗ್ರಾಸ್‌ಮನ್, ಮರ್ಫಿ 1994ರಲ್ಲಿ ಅಮೆರಿಕದ ಅಂಕಿಗಳಿಂದ ಅಳೆದ ಹಾಗೆ ಸಿಗರೇಟಿನ ಬೆಲೆ ಶೇ. 10 ಏರಿದರೆ ಅಲ್ಪಾವಧಿಯಲ್ಲಿ ಬಳಕೆ ಸುಮಾರು ಶೇ. 4 ಇಳಿಯುತ್ತದೆ. ನೂರು ರೂಪಾಯಿಯ ಸಿಗರೇಟು ಸೇದುತ್ತಿದ್ದವನ ಖರ್ಚು ಈಗ ನೂರೈದು ರೂಪಾಯಿ ಅರವತ್ತು ಪೈಸೆ. ಒಟ್ಟಾರೆ ಸೇದುವವರ ಜೇಬಿನಲ್ಲಿ ದುಡ್ಡು ಉಳಿಯುವುದಿಲ್ಲ, ಇನ್ನಷ್ಟು ಖಾಲಿಯಾಗುತ್ತದೆ. ಖಜಾನೆಗೆ ಸಿಗರೇಟು ಸುಂಕ ಇಷ್ಟವಾಗುವುದೂ ಇದಕ್ಕೇ. ಸುಂಕ ಏರಿಸಿದರೂ ಜನ ಬಿಡುವುದಿಲ್ಲ, ಆದಾಯ ಬರುತ್ತದೆ ಎನ್ನುವವರು, ಅದೇ ಬಾಯಲ್ಲಿ ಜನ ಬಿಟ್ಟು ಆ ದುಡ್ಡಿನಲ್ಲಿ ಕುಡಿಯುತ್ತಾರೆ ಎಂದು ಹೇಳಲಾಗದು. ಪೂರ್ತಿ ಬಿಟ್ಟವರ ಕೈಯಲ್ಲಿ ದುಡ್ಡು ಉಳಿಯುತ್ತದೆ, ನಿಜ. ಆದರೆ ಬಿಡುವವನಿಗೆ ಗ್ಲಾಸು ಹಿಡಿದ ಗಳಿಗೆಯೇ ಅತಿ ಕಷ್ಟದ್ದು. ಅಂಥ ಜಾಗ, ಅಂಥ ಗೆಳೆಯರ ಕೂಟ ತಪ್ಪಿಸುವಂತೆ ಬಿಡಿಸುವ ವೈದ್ಯರು ಹೇಳುವುದು ಇದರಿಂದಲೇ. ದುಡ್ಡಿನ ಉಳಿತಾಯ ಒಂದು ಕಡೆ ಎಳೆದರೆ ರೂಢಿಯ ಗಂಟು ಇನ್ನೊಂದು ಕಡೆ ಎಳೆಯುತ್ತದೆ. ಯಂಗ್–ವುಲ್ಫ್ ಅಳೆದ ಇಳಿಕೆ ಗಂಟೇ ಗೆದ್ದಿತೆಂದು ತೋರಿಸುತ್ತದೆ.

1998ರ ನಂತರ ಅಮೆರಿಕದಲ್ಲಿ ಕುಡಿತ ಏರಿದೆ ಎಂಬುದೂ ನಿಜ. ಹದಿನಾಲ್ಕು ವರ್ಷ ದಾಟಿದವರಿಗೆ ತಲಾ ಶುದ್ಧ ಆಲ್ಕೊಹಾಲ್ 1980ರ ಸುಮಾರಿಗೆ 2.75 ಗ್ಯಾಲನ್ನಿನ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, 1990ರ ದಶಕದ ಕೊನೆಗೆ 2.15ರ ಹತ್ತಿರಕ್ಕೆ ಇಳಿದು, 2010ರ ದಶಕದ ನಡುವೆ ಮತ್ತೆ 2.3ಕ್ಕೆ ಏರಿತು. ಸಿಗರೇಟು ದುಬಾರಿಯಾದ ಕಾಲದಲ್ಲೇ ಕುಡಿತ ಏರಿದೆ, ಇನ್ನೇನು ಸಾಕ್ಷಿ ಬೇಕು ಎನ್ನಬಹುದು. ಇದು ಪಾನನಿಷೇಧದ ದಶಕವನ್ನು ಓದಿದ ತಪ್ಪಿನದೇ ಮರುಕಳಿಕೆ. ಆ ಕಾಲದಲ್ಲಿ ಮದ್ಯದ ಬೆಲೆಗೆ ಏನಾಯಿತು ಎಂದು ಕೇಳಿ. 1991ರ 13.50 ಡಾಲರು 2017ರಲ್ಲೂ 13.50 ಡಾಲರೇ, ಹಣದುಬ್ಬರ ಅದರ ಬೆಲೆಯನ್ನು ಅರ್ಧದ ಹತ್ತಿರಕ್ಕೆ ಸವೆಸಿತ್ತು. ಕುಡಿತ ಏರಲು ಕುಡಿತದ ಅಗ್ಗವೇ ಕಾರಣವಾಗಿ ಎದುರಿಗೆ ನಿಂತಿರುವಾಗ ಸಿಗರೇಟಿನ ಕಡೆ ಬೆರಳು ತೋರಿಸುವುದು ಸರಿಯಲ್ಲ. ಸಿಗರೇಟು ಹೆಚ್ಚು ದುಬಾರಿಯಾದ ರಾಜ್ಯಗಳಲ್ಲಿ ಕುಡಿತ ಹೆಚ್ಚು ಏರಬೇಕಿತ್ತು. ಕ್ರಾಸ್ ಅವರ ರಾಜ್ಯವಾರು ಹೋಲಿಕೆಯಲ್ಲಿ ಅದು ಕಾಣುವುದಿಲ್ಲ, ವಿರುದ್ಧವೇ ಕಾಣುತ್ತದೆ. ಇಲ್ಲಿ ಇನ್ನೊಂದು ಹೊಸ ನೊಗದ ಅನುಮಾನ ಬರುವುದು ನ್ಯಾಯ. 1998ರಲ್ಲಿ ಕ್ಯಾಲಿಫೋರ್ನಿಯಾ, 2003ರಲ್ಲಿ ನ್ಯೂಯಾರ್ಕ್ ನಗರ ಬಾರುಗಳಲ್ಲಿ ಸೇದುವುದನ್ನೇ ನಿಷೇಧಿಸಿದವು. ಸುಂಕ ಏರಿಸಿದ ಸರ್ಕಾರಗಳೇ ಬಹುಮಟ್ಟಿಗೆ ಈ ನಿಷೇಧವನ್ನೂ ತಂದವು. ಇಳಿಕೆಯಲ್ಲಿ ಬೆಲೆಯದೆಷ್ಟು, ನಿಷೇಧದ್ದೆಷ್ಟು? ಕ್ರಾಸ್ ಮತ್ತು ಸಂಗಡಿಗರು ಎರಡನ್ನೂ ಬೇರೆ ಬೇರೆ ಅಂಕಣದಲ್ಲಿಟ್ಟು ಅಳೆದದ್ದರಿಂದ ಅವರ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕನ್ನಡಿಗರಿಗೆ ಇದು ದೂರದ ದೇಶದ ಕತೆಯಲ್ಲ, ಏಕೆಂದರೆ ನಮ್ಮಲ್ಲಿ ಈ ನೊಗವೇ ಇಲ್ಲದ ವ್ಯವಸ್ಥೆ ಮೊದಲಿನಿಂದ ಇದೆ. ಬ್ರಿಟಿಷ್ ಭಾರತದಲ್ಲಿ 1919ರ ಸುಧಾರಣೆಗಳ ನಂತರ ಅಬಕಾರಿ ಪ್ರಾಂತ್ಯಗಳ ಕೈಗೆ ಬಂತು. ತಂಬಾಕಿನ ಮೇಲೆ ಕೇಂದ್ರ ಸುಂಕ ಬಂದದ್ದು 1943ರಲ್ಲಿ. ಸಂವಿಧಾನ ಅದನ್ನೇ ಗಟ್ಟಿಮಾಡಿತು: ಮದ್ಯದ ಸುಂಕ ರಾಜ್ಯಪಟ್ಟಿಯಲ್ಲಿ, ತಂಬಾಕಿನದು ಕೇಂದ್ರಪಟ್ಟಿಯಲ್ಲಿ. 2017ರ ಜಿಎಸ್‌ಟಿಯೂ ಮದ್ಯವನ್ನು ಹೊರಗಿಟ್ಟು ಸಿಗರೇಟನ್ನು ಒಳಗೆ ತೆಗೆದುಕೊಂಡಿತು. ಸಿಗರೇಟಿನ ಬೆಲೆ ದೆಹಲಿಯಲ್ಲಿ, ಮದ್ಯದ ಬೆಲೆ ವಿಧಾನಸೌಧದಲ್ಲಿ ತೀರ್ಮಾನವಾಗುವುದರಿಂದ ಎರಡು ಬೆಲೆಗಳೂ ಬೇರೆ ಬೇರೆ ಕಾಲಕ್ಕೆ ಬದಲಾಗುತ್ತವೆ. ಅಮೆರಿಕದವರು ಕಾಯಬೇಕಾಗಿ ಬಂದ ಸಂದರ್ಭ ನಮಗೆ ತಾನಾಗಿ ಒದಗಿದೆ. ಆದರೂ ಎಚ್ಚರಬೇಕು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ತಂಬಾಕಿನ ಮೇಲೆ ವ್ಯಾಟ್ ಹಾಕಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಆ ವರ್ಷದ ಮೊದಲಿನ ಅಂಕಿಯನ್ನೂ ನಂತರದ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಯಾರಾದರೂ ಒಂದರ ಪರಿಣಾಮ ಇನ್ನೊಂದರ ಮೇಲೆ ಹೀಗಾಯಿತು ಎಂದರೆ ನಂಬಬಾರದು. ನಮ್ಮಲ್ಲಿ ಬೀಡಿಯನ್ನೂ ಅಗಿಯುವ ತಂಬಾಕನ್ನೂ ಬಿಟ್ಟು ಸಿಗರೇಟಿನ ಬೆಲೆ ಒಂದನ್ನೇ ನೋಡಿದರೆ ಅರ್ಧ ಚಿತ್ರವೂ ಸಿಗುವುದಿಲ್ಲ. ಅಂಗಡಿಯಲ್ಲಿ ಒಂದೊಂದಾಗಿ ಕೊಳ್ಳುವವನಿಗೆ ಪ್ಯಾಕಿನ ಮೇಲಿನ ಸುಂಕ ನೇರವಾಗಿ ಕಾಣುವುದೂ ಇಲ್ಲ. 2017ರಲ್ಲಿ ಬಿಡಿ ಮಾರಾಟವನ್ನು ಕರ್ನಾಟಕ ನಿಷೇಧಿಸಿತಾದರೂ ಗೂಡಂಗಡಿಗಳಲ್ಲಿ ಅದು ನಿಂತಿಲ್ಲ.

ಸಿಗರೇಟಿನ ಸುಂಕ ಏರಿಸುವ ಮಾತು ಬಂದಾಗಲೆಲ್ಲ ಬಡವ ಸಾರಾಯಿಗೆ ಹೋದಾನು, ಕಳ್ಳಭಟ್ಟಿಗೆ ಹೋದಾನು ಎಂಬ ಎಚ್ಚರಿಕೆ ಕೇಳಿಬರುತ್ತದೆ. ಅಮೆರಿಕದ ಲೆಕ್ಕ ಆ ಎಚ್ಚರಿಕೆಯನ್ನು ಸಮರ್ಥಿಸುವುದಿಲ್ಲ. ನಮ್ಮ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ನಮ್ಮ ಅಂಕಿಗಳಿಂದಲೇ ನೋಡಬೇಕು. 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮದ ಮೂಲಕವೇ ಕರ್ನಾಟಕದ ಸಗಟು ಮದ್ಯ ಹಾದುಹೋಗುವುದರಿಂದ, ಪ್ರತಿ ಪೆಟ್ಟಿಗೆಯ ಲೆಕ್ಕ ಸರ್ಕಾರದ ಪುಸ್ತಕದಲ್ಲಿದೆ. ಅಬಕಾರಿ ಇಲಾಖೆ ಜಿಲ್ಲಾವಾರು, ತಿಂಗಳುವಾರು ಮಾರಾಟವನ್ನು ಸುಂಕ ಬದಲಾದ ತಾರೀಖುಗಳ ಜತೆಗೆ ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಲಿ. ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು ಅದನ್ನು ಕೈಗೆತ್ತಿಕೊಳ್ಳಲಿ.